ಆಪ್ತಸಲಹೆ ಪ್ರಕರಣ: ‘ನಾನು ಹೋದ್ಮೇಲೆ ಇವನನ್ನ ಯಾರು ನೋಡ್ಕೋತಾರೆ?’

ಸಾವಿತ್ರಮ್ಮ ನಿದ್ದೆ ಬರುವುದಿಲ್ಲ ಎಂದು ಬಂದವರು. ಹೆಸರು ಅವರದಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು ಎಪ್ಪತ್ತೊಂದು, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹೆಂಚಿನ ಮನೆ. ಯಜಮಾನರು ಸಬ್ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾಗಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಕುಟುಂಬ ಪಿಂಚಣಿ ಬರುತ್ತದೆ. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಮಗ ಗೋಪಿಗೆ ನಲವತ್ತೆರಡು, ಹುಟ್ಟಿನಿಂದ ಬುದ್ಧಿಮಾಂದ್ಯತೆ. ತಟ್ಟೆಗೆ ಹಾಕಿಕೊಟ್ಟರೆ ಊಟ ತಾನೇ ಮಾಡುತ್ತಾನೆ. ಸ್ನಾನ, ಗಡ್ಡ ತೆಗೆಯುವುದು, ಅಂಗಿಯ ಗುಂಡಿ, ಎಲ್ಲಕ್ಕೂ ಅಮ್ಮನೇ ಬೇಕು.

“ಮಲಗಿದ್ರೆ ಎದೆ ಢವಢವ ಅನ್ನತ್ತೆ ಮೇಡಂ. ಎದ್ದು ಕೂತ್ಕೋತೀನಿ, ಅವನು ಮಲಗಿದಾನಾ ನೋಡ್ತೀನಿ, ಮತ್ತೆ ಮಲಗ್ತೀನಿ. ಹಂಗೇ ಬೆಳಗಾಗತ್ತೆ.”

ಒಂದು ರಾತ್ರಿ ಗೋಪಿ ಚಿಲಕ ತೆಗೆದು ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿದ್ದನಂತೆ. ಬೆಳಗಿನ ಜಾವ ಹಾಲು ಹಾಕುವವರು ಕೈಹಿಡಿದು ಕರೆತಂದರು. ಅಂದಿನಿಂದ ಸಾವಿತ್ರಮ್ಮ ಮಂಚ ಬಿಟ್ಟು, ಮುಂಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಾರೆ. ಬಾಗಿಲು ತೆಗೆಯಬೇಕೆಂದರೆ ಅವರನ್ನು ದಾಟಿಕೊಂಡೇ ಹೋಗಬೇಕು. ಇದನ್ನು ಬರೀ ನಿದ್ರಾಹೀನತೆ ಎಂದು ಬರೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಈ ವಯಸ್ಸಿನಲ್ಲಿ ಅವರು ದಿನವೂ ರಾತ್ರಿ ಪಾಳಿ ಮಾಡುತ್ತಿದ್ದರು.

ಎರಡನೇ ಸಲ ಬಂದಾಗ ಒಳಗಿದ್ದ ಮಾತು ಹೊರಗೆ ಬಂತು. “ನನಗಿಂತ ಒಂದು ದಿನ ಮುಂಚೆ ಇವನನ್ನ ಕರ್ಕೊಂಡುಬಿಡು ಅಂತ ದೇವರನ್ನ ಕೇಳ್ಕೋತೀನಿ. ಹೆತ್ತ ತಾಯಿ ಇಂಥದ್ದು ಕೇಳ್ಬಹುದಾ?” ಇಂಥ ಮಕ್ಕಳ ತಾಯಂದಿರ ಬಾಯಲ್ಲಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. “ಛೇ, ಹಾಗೆಲ್ಲ ಅನ್ನಬಾರದು” ಎಂದುಬಿಟ್ಟರೆ ಅವರು ಇನ್ನೆಂದೂ ಬಾಯಿ ಬಿಡುವುದಿಲ್ಲ. ನೇರವಾಗಿಯೇ ಕೇಳಿದೆ: “ಇಬ್ಬರೂ ಒಟ್ಟಿಗೆ ಹೋಗಿಬಿಡೋಣ ಅಂತ ಯಾವತ್ತಾದ್ರೂ ಅನ್ನಿಸಿದ್ಯಾ ಅಮ್ಮಾ?” ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಜಮಾನರು ತೀರಿಕೊಂಡ ವರ್ಷ ಒಮ್ಮೆ ಅನ್ನಿಸಿತ್ತು, ಈಗ ಇಲ್ಲ ಎಂದರು. ಅಂಥ ಯೋಚನೆ ಮರಳಿ ಬಂದರೆ ಆ ಗಳಿಗೆಯಲ್ಲೇ ಮಾಡಬೇಕಾದ ಕರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416. ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಲು ಹೇಳಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟೆ. ಅಲ್ಲಿನ ವೈದ್ಯರು ಸಣ್ಣ ಪ್ರಮಾಣದ ಮಾತ್ರೆ ಶುರುಮಾಡಿದರು.

ಆದರೆ ‘ನಾನು ಹೋದಮೇಲೆ ಯಾರು’ ಎಂಬುದಕ್ಕೆ ಮಾತ್ರೆಯಲ್ಲಿ ಉತ್ತರವಿಲ್ಲ. ಹಾಗೆ ಇಡಿಯಾಗಿ ಎತ್ತಿಕೊಂಡರೆ ಅದು ಯಾರಿಗೂ ಹೊರಲಾರದ ಪ್ರಶ್ನೆ. ಅದನ್ನು ಬಿಡಿಸಿ ನೋಡೋಣ ಎಂದೆ. ನೀವಿಲ್ಲದಾಗ ಗೋಪಿಯ ಖರ್ಚಿಗೆ ದುಡ್ಡು ಎಲ್ಲಿಂದ? ಅವನ ಪರವಾಗಿ ಸಹಿ ಯಾರು ಹಾಕುತ್ತಾರೆ? ಅವನಿಗೆ ಸ್ನಾನ ಮಾಡಿಸಿ ಊಟಕ್ಕೆ ಹಾಕುವವರು ಯಾರು? ರಾತ್ರಿ ಯಾವ ಮನೆಯಲ್ಲಿ ಮಲಗುತ್ತಾನೆ? ಸಾವಿತ್ರಮ್ಮ ಬೆರಳು ಮಡಚಿ ಎಣಿಸಿಕೊಂಡರು. ಮೊದಲ ಎರಡಕ್ಕೆ ಕಾನೂನಿನಲ್ಲಿ ಈಗಾಗಲೇ ದಾರಿಯಿದೆ, ಆದರೆ ಕಾಗದ ಆಗಬೇಕಾದದ್ದು ನೀವು ಗಟ್ಟಿಯಾಗಿರುವಾಗಲೇ ಎಂದೆ. ಉಳಿದೆರಡು ನಿಧಾನವಾಗಿ ರೂಢಿ ಮಾಡಿಸಬೇಕಾದವು.

ದುಡ್ಡಿನ ವಿಷಯ ಬಂದಾಗ ಅವರಿಗೆ ಹಳೆಯ ನೋವು ನೆನಪಾಯಿತು. ನೆರೆಮನೆಯವರ ಮಾತು ಕೇಳಿ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಲು ಹೋಗಿದ್ದರು. “ನಿಮಗೇ ಪೆನ್ಷನ್ ಬರತ್ತಲ್ಲಮ್ಮ, ಮತ್ಯಾಕೆ” ಎಂದು ಎಲ್ಲರೆದುರು ವಾಪಸ್ ಕಳಿಸಿದರಂತೆ. ರಾಜ್ಯದ ಮಾಸಾಶನಕ್ಕೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ತಾಯಿಯ ಕುಟುಂಬ ಪಿಂಚಣಿ ಲೆಕ್ಕಕ್ಕೆ ಬಂದರೆ ಅವರು ಅದರೊಳಗೆ ಬರುವುದಿಲ್ಲ, ನಿಯಮ ಅಷ್ಟೆ. ಎದುರಿಗೆ ಕೂರಿಸಿ ಹಾಗೆಂದು ಹೇಳಿದ್ದರೆ ಅವರು ತಿಳಿದುಕೊಳ್ಳುತ್ತಿದ್ದರು. ಭಿಕ್ಷೆ ಬೇಡಲು ಬಂದವರನ್ನು ಅಟ್ಟಿದ ಹಾಗಾಯಿತು ಎಂದು ಈಗಲೂ ಕಣ್ಣೀರು ಹಾಕುತ್ತಾರೆ.

ಇಲ್ಲಿ ನನ್ನದೂ ಒಂದು ಮಾತಿದೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 24ನೇ ಸೆಕ್ಷನ್, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಕರ್ನಾಟಕದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಬಜೆಟ್ಟಿನಲ್ಲಿ ಘೋಷಣೆಯಾಯಿತು. ದೊಡ್ಡ ಹಣವಲ್ಲದಿದ್ದರೂ, ನೀನು ಮಾಡುತ್ತಿರುವುದು ಕೆಲಸ ಎಂದು ಸರ್ಕಾರ ಒಪ್ಪಿಕೊಂಡಂತಾಯಿತಲ್ಲ, ಅದು ದೊಡ್ಡದು. ನಲವತ್ತೆರಡು ವರ್ಷ ಒಂದು ದಿನವೂ ರಜೆಯಿಲ್ಲದೆ ದುಡಿದ ಸಾವಿತ್ರಮ್ಮನಂಥವರು ಆ ಪಟ್ಟಿಯ ಹೊರಗಿದ್ದಾರೆ. ಬುದ್ಧಿಮಾಂದ್ಯತೆ ಇರುವವರ ತಾಯಂದಿರೂ ಅದರೊಳಗೆ ಬರಲೇಬೇಕು.

ಮುಂದಿನ ಸಲ ಮನೆಯಲ್ಲಿರುವ ಕಾಗದವನ್ನೆಲ್ಲ ತನ್ನಿ ಎಂದಿದ್ದೆ. ಸೀರೆ ಅಂಗಡಿಯ ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬಂದರು. ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ, ಗೋಪಿಯ ಬಾಲ್ಯದ ಆಸ್ಪತ್ರೆ ಚೀಟಿಗಳು, ನಾಲ್ಕು ಮಡಿಕೆ ಮಾಡಿ ಟೇಪು ಹಚ್ಚಿದ ಪಿಂಚಣಿ ಪಾವತಿ ಆದೇಶ. ಆದೇಶದಲ್ಲಿ ಯಜಮಾನರ ಹೆಸರಿನ ಮುಂದೆ ಪತ್ನಿಯ ಹೆಸರಿತ್ತು, ಗೋಪಿಯದಿರಲಿಲ್ಲ. ನಿವೃತ್ತಿಯ ಹೊತ್ತಿಗೆ ಇಲಾಖೆಗೆ ಕೊಟ್ಟ ಕುಟುಂಬ ವಿವರದ ನಕಲೂ ಅದೇ ಚೀಲದಲ್ಲಿ ಸಿಕ್ಕಿತು. ಯಜಮಾನರು ದುಂಡಗಿನ ಅಕ್ಷರದಲ್ಲಿ ಮಗನ ಹೆಸರು, ಹುಟ್ಟಿದ ದಿನ ಬರೆದಿದ್ದರು. ಅಂಗವೈಕಲ್ಯ ಇದೆಯೇ ಎಂಬ ಕಡೆ ಏನೂ ಬರೆದಿರಲಿಲ್ಲ. “ಆಫೀಸಿನಲ್ಲಿ ಗೊತ್ತಾಗೋದು ಅವರಿಗೆ ಬೇಡವಾಗಿತ್ತು” ಎಂದರು ಸಾವಿತ್ರಮ್ಮ, ಗಂಡನ ಮೇಲೆ ದೂರು ಬರದ ಹಾಗೆ, ಮೆಲ್ಲಗೆ.

ಖಾಲಿ ಬಿಟ್ಟಿದ್ದರಿಂದ ಹಕ್ಕು ಹೋಗಲಿಲ್ಲ. ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳು 2021ರ 50ನೇ ನಿಯಮದ ಪ್ರಕಾರ, ದುಡಿದು ಬದುಕಲಾಗದಷ್ಟು ವಿಕಲತೆ ಇರುವ ಮಗ ಅಥವಾ ಮಗಳಿಗೆ 25 ವರ್ಷ ದಾಟಿದ ಮೇಲೂ ಬದುಕಿರುವವರೆಗೆ ಕುಟುಂಬ ಪಿಂಚಣಿ ಉಂಟು. ತಾಯಿಯ ನಂತರ ಅದು ಗೋಪಿಗೆ ಸಲ್ಲಬೇಕು. ತಂದೆ ಬರೆಯದೆ ಬಿಟ್ಟ ವಿವರವನ್ನು ತಾಯಿ ಈಗಲೂ ಇಲಾಖೆಗೆ ಕೊಡಬಹುದು, ಮಗನ ಹಕ್ಕನ್ನು ತಾವಿರುವಾಗಲೇ ದಾಖಲು ಮಾಡಿಸಬಹುದು. ಮಗನ ಪರವಾಗಿ ಹಣ ಪಡೆಯುವವರು ಯಾರು ಎಂದು ನಾಮನಿರ್ದೇಶನವನ್ನೂ ಮಾಡಬಹುದು. ಮಗನಿಗೆ ಬೇರೆ ಮೂಲದಿಂದ ಬರುವ ಆದಾಯ ಅವನಿಗೆ ಸಲ್ಲುವ ಕುಟುಂಬ ಪಿಂಚಣಿಗಿಂತ ಕಡಿಮೆ ಇರಬೇಕು ಎಂಬ ಷರತ್ತಿದೆ. ಮನೆಯ ಮುಂಭಾಗದ ಮಳಿಗೆ ಬಾಡಿಗೆಯನ್ನು ಗೋಪಿಯ ಹೆಸರಿಗೆ ಮಾಡಿಬಿಡಬೇಕೆಂದು ಅವರು ಯೋಚಿಸಿದ್ದರು. ಲೆಕ್ಕ ನೋಡದೆ ಆ ಕೆಲಸ ಮಾಡಬೇಡಿ ಎಂದೆ.

ಇದಕ್ಕೆಲ್ಲ ಬುಡ ವೈದ್ಯಕೀಯ ಪ್ರಮಾಣಪತ್ರ. ಗೋಪಿಯದು ಕೈಬರಹದ ಹಳೆಯ ಚೀಟಿ. 2021ರ ಜೂನ್‌ನಿಂದ ಯುಡಿಐಡಿ ಎಂಬ, ವಿಕಲಚೇತನರ ಗುರುತಿನ ಚೀಟಿಯ ಸರ್ಕಾರಿ ಪೋರ್ಟಲ್ ಮೂಲಕವೇ ಪ್ರಮಾಣಪತ್ರ ಕೊಡಬೇಕೆಂದಾಗಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅರ್ಜಿ ತುಂಬಿಸಿ, ಜಿಲ್ಲಾಸ್ಪತ್ರೆಗೆ ಜೊತೆಗೂ ಬಂದವರು ಅವರೇ. ಪರೀಕ್ಷೆಯ ದಿನ ಗೋಪಿಗೆ ಅವನ ನೀಲಿ ಟೊಪ್ಪಿ ಹಾಕಿಸಿ, ತಿಂಡಿ ಕಟ್ಟಿಕೊಂಡು, ಜನ ಸೇರುವ ಮುಂಚೆ ತಲುಪಿ ಎಂದು ಹೇಳಿದ್ದೆ. ಹೆದರಿದ ಮನುಷ್ಯನ ಬುದ್ಧಿಯನ್ನು ಅಳೆಯಲು ಬರುವುದಿಲ್ಲ.

ಮಗಳನ್ನು ಕರೆಸೋಣ ಎಂದಾಗ ಸಾವಿತ್ರಮ್ಮ ಒಪ್ಪಲಿಲ್ಲ. “ಅವಳು ಕೊಟ್ಟ ಮನೆಯಲ್ಲಿ ಬಾಳ್ಬೇಕು, ಈ ಭಾರ ಅವಳ ತಲೆಗೆ ಯಾಕೆ?” ಕೊನೆಗೆ ಒಂದು ಭಾನುವಾರ ಬಂದಳು. ಅಮ್ಮನ ಎದುರೇ, ಕೈ ಹಿಸುಕಿಕೊಳ್ಳುತ್ತಾ ಹೇಳಿದಳು: “ಮೇಡಂ, ಅಣ್ಣನ ಬ್ಯಾಂಕು, ಕಾಗದ, ಆಸ್ಪತ್ರೆ ಎಲ್ಲ ನಾನು ನೋಡ್ತೀನಿ. ಆದ್ರೆ ಅವನಿಗೆ ಸ್ನಾನ ಮಾಡ್ಸೋದು ನನ್ನ ಕೈಲಾಗಲ್ಲ. ನಮ್ಮದು ಎರಡು ರೂಮಿನ ಮನೆ, ಅತ್ತೆ ಮಾವ ಇದಾರೆ. ಇಷ್ಟು ಹೇಳಕ್ಕೆ ಹತ್ತು ವರ್ಷದಿಂದ ಭಯ.” ತಾಯಿ ಮಗಳ ನಡುವೆ ಇದ್ದ ಬಿಗಿ ಇದೇ ಆಗಿತ್ತು. ಒಪ್ಪಿಕೊಂಡರೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು, ಇಲ್ಲವೆಂದರೆ ಅಣ್ಣನನ್ನೇ ಕೈಬಿಟ್ಟಂತೆ ಎಂದು ಅವಳು ತಿಳಿದಿದ್ದಳು. ಗಾರ್ಡಿಯನ್, ಅಂದರೆ ಕಾನೂನುಬದ್ಧ ಪೋಷಕರು, ಆಗುವುದು ಬೇರೆ, ದಿನದ ಆರೈಕೆ ಬೇರೆ. ಒಬ್ಬರೇ ಎರಡನ್ನೂ ಹೊರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಹದಿನೆಂಟು ತುಂಬಿದ ಮೇಲೆ ಇಂಥ ಮಕ್ಕಳಿಗೆ ಹೆತ್ತವರೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ಬಹಳ ಮನೆಗಳಿಗೆ ಇದು ಗೊತ್ತಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ 1999, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ ಇರುವವರಿಗೆಂದೇ ಇದೆ. ಅದರಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಗಾರ್ಡಿಯನ್ ನೇಮಕ ಮಾಡುತ್ತದೆ. ಆ ಪ್ರಮಾಣಪತ್ರವನ್ನು ಪಿಂಚಣಿಗೂ ಒಪ್ಪುತ್ತಾರೆ. ಮಗಳಿಗೆ ಜವಾಬ್ದಾರಿಯನ್ನೂ ಬಿಡಿಸಿ ಹೇಳಿದೆ: ನೇಮಕವಾದ ಆರು ತಿಂಗಳೊಳಗೆ ಅಣ್ಣನ ಆಸ್ತಿಯ ಪಟ್ಟಿ ಕೊಡಬೇಕು, ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಗೋಪಿಯನ್ನು ಸೇರಿಸಲು ಹೇಳಿದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ, ಸೇರುವಾಗ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ.

ಈ ನಡುವೆ ಸಾವಿತ್ರಮ್ಮನ ಬಲಗಣ್ಣು ಮಂಜಾಗಿರುವುದು ತಿಳಿಯಿತು. ಪೊರೆ ಬಂದು ಬಹಳ ದಿನವಾಗಿದೆ, ಆಪರೇಷನ್ ಮುಂದೂಡುತ್ತಲೇ ಇದ್ದಾರೆ. ಗೋಪಿಯನ್ನು ಯಾರ ಹತ್ತಿರ ಬಿಡುವುದು? ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುವಾಗಲೂ ಅವನನ್ನು ಒಳಗೆ ಕೂಡಿಹಾಕಿ ಬೀಗ ಹಾಕಿಕೊಂಡು ಹೋಗುತ್ತಿದ್ದರಂತೆ. ಅದಕ್ಕೆ ಪರಿಹಾರ ಸುಲಭವಿತ್ತು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಡಿಜಿಟಲ್ ಜೀವನ ಪ್ರಮಾಣಪತ್ರ ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. ಫೋನಿನಲ್ಲಿ ಮುಖ ತೋರಿಸಿ ಮಾಡುವ ದಾರಿಯೂ ಇದೆ. “ನಮ್ಮವರ ಕೈಕೆಳಗೆ ಕೆಲಸ ಮಾಡಿದ ಹುಡುಗನೇ ಈಗ ನಮ್ಮ ಬೀದಿ ಪೋಸ್ಟ್‌ಮ್ಯಾನ್” ಎಂದಾಗ ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ.

ಕಣ್ಣಿನ ಆಪರೇಷನ್ನನ್ನೇ ಗೋಪಿಗೆ ರೂಢಿ ಮಾಡಿಸುವ ಮೊದಲ ಹೆಜ್ಜೆ ಮಾಡಿಕೊಂಡೆವು. ಪಕ್ಕದ ಬೀದಿಯ ಒಬ್ಬ ನಿವೃತ್ತ ಆಸ್ಪತ್ರೆ ಅಟೆಂಡರ್ ಸಂಬಳಕ್ಕೆ ಬರಲು ಒಪ್ಪಿದರು. ಮೊದಲ ವಾರ ಸಾವಿತ್ರಮ್ಮ ಪಕ್ಕದಲ್ಲೇ ನಿಂತು, ಅವರಿಂದ ಗಡ್ಡ ತೆಗೆಸಿದರು. ಆಮೇಲೆ ಅಡುಗೆಮನೆಗೆ ಸರಿದರು. ಆಮೇಲೆ ದೇವಸ್ಥಾನಕ್ಕೆ ಹೋಗಿ ಬಂದರು. ಗೋಪಿ ಒಂದು ದಿನ ತಟ್ಟೆ ಎಸೆದ, ಅತ್ತ. ಸಾವಿತ್ರಮ್ಮನೂ ಅತ್ತರು. ನಿಲ್ಲಿಸಬೇಡಿ ಎಂದೆ. ಈಗ ಅತ್ತರೆ ಸಂತೈಸಲು ನೀವಿದ್ದೀರಿ. ಆಪರೇಷನ್ ದಿನ ಮಗಳು ಆಸ್ಪತ್ರೆಯಲ್ಲಿ ಅಮ್ಮನ ಜೊತೆಗಿದ್ದಳು, ಗೋಪಿ ಮನೆಯಲ್ಲಿ ಅಟೆಂಡರ್ ಜೊತೆ ಉಂಡು ಮಲಗಿದ. ಬಾಗಿಲಿಗೆ ಮೇಲಿನ ಚಿಲಕದ ಜೊತೆ ಗಂಟೆ ಕಟ್ಟಿಸಿ, ಸಾವಿತ್ರಮ್ಮ ಮಂಚಕ್ಕೆ ಮರಳಿದ್ದಾರೆ. ನಿದ್ದೆ ನಾಲ್ಕೈದು ಗಂಟೆ ಬರುತ್ತಿದೆ ಎನ್ನುತ್ತಾರೆ.

ಗಾರ್ಡಿಯನ್ ಅರ್ಜಿ ಸಮಿತಿಯ ಮುಂದಿದೆ, ಪಿಂಚಣಿ ಅರ್ಜಿ ಇಲಾಖೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದೆ. ಅವನು ಕೊನೆಯವರೆಗೆ ಯಾವ ಮನೆಯಲ್ಲಿರುತ್ತಾನೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಸತಿ ಕೇಂದ್ರಗಳು ಬೇಕಾದಷ್ಟಿಲ್ಲ, ಇರುವುದರಲ್ಲಿ ಒಂದೆರಡನ್ನು ತಾಯಿ ಮಗಳು ಒಟ್ಟಿಗೆ ಹೋಗಿ ನೋಡಿ ಬರಲಿದ್ದಾರೆ. ಹೋದಾಗ ಆಫೀಸು ಕೋಣೆಯಲ್ಲಿ ಕೂರದೆ ಸ್ನಾನದ ಮನೆ ನೋಡಿ, ಊಟದ ಹೊತ್ತಿಗೆ ಅಲ್ಲೇ ಇರಿ, ರಾತ್ರಿ ಎಷ್ಟು ಜನ ಸಿಬ್ಬಂದಿ ಉಳಿಯುತ್ತಾರೆಂದು ಕೇಳಿ ಎಂದು ಹೇಳಿ ಕಳಿಸಿದ್ದೇನೆ.