ಆ್ಯಕ್ಟಿವ್ ಬೇಸ್ ಗಿಟಾರನ್ನು ಪ್ಯಾಸಿವ್ ಮಾಡಿಕೊಳ್ಳಬಹುದಾ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನವನು, ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆ್ಯಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ (ಸಿಗ್ನಲ್ಲಿಗೆ ಬಲ ಕೊಡುವ ಸರ್ಕಿಟ್) ಇರುವಂಥದ್ದು. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ಎರಡು, ನಾಲ್ಕು ನಾಬ್ ಇವೆ. 9 ವೋಲ್ಟ್ ಬ್ಯಾಟರಿ ಹಾಕಿದರೆ ತಿಂಗಳೂ ಬರುವುದಿಲ್ಲ. ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಮೂರನೇ ಹಾಡಿಗೆ ಸೌಂಡ್ ಒಡೆಯಿತು, ನಾಲ್ಕನೆಯದಕ್ಕೆ ನಿಂತೇಹೋಯಿತು. ಬೇಸರವಾಗಿ ಒಳಗಿನ ಪ್ರಿಆಂಪ್ ಬಿಚ್ಚಿ, ಪಿಕಪ್ ವೈರ್‌ಗಳನ್ನು ಇದ್ದ ನಾಬ್‌ಗಳಿಗೇ ನೇರ ಸೇರಿಸಿದೆ. ಸೌಂಡ್ ಬಂತು, ಆದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ ಹಾಗೆ. ಪಿಕಪ್ ಬದಲಿಸಬೇಕಾ?

ಉತ್ತರ: ಬೇಡ, ಪಿಕಪ್‌ಗೆ ದುಡ್ಡು ಹಾಕಬೇಡಿ. ಬ್ಯಾಟರಿ ಇಲ್ಲದೆಯೂ ಸೌಂಡ್ ಬಂತು ಅಂದರೆ ನಿಮ್ಮ ಪಿಕಪ್‌ಗಳು ಪ್ಯಾಸಿವ್, ಅಂದರೆ ಬ್ಯಾಟರಿ ಬೇಡದವು, ಆಗಿರುವ ಸಾಧ್ಯತೆಯೇ ಜಾಸ್ತಿ. ಅದು ನಿಮ್ಮ ಅದೃಷ್ಟ. ಕೆಲವು ಬೇಸ್‌ಗಳಲ್ಲಿ ಪಿಕಪ್ ಒಳಗೇ ಪುಟ್ಟ ಪ್ರಿಆಂಪ್ ಇರುತ್ತದೆ. ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್‌ಗಳು ಹಾಗೆ. ಅವಕ್ಕೆ ಬ್ಯಾಟರಿ ಬೇಕೇ ಬೇಕು. ಅಂಥ ಬೇಸನ್ನು ಪ್ಯಾಸಿವ್ ಮಾಡಬೇಕಾದರೆ ಪಿಕಪ್ಪನ್ನೇ ಬದಲಿಸಬೇಕು.

ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರ್ ಸಾಕು. ಪಿಕಪ್‌ನ ಎರಡೂ ವೈರ್ ಬಿಡಿಸಿಕೊಂಡು, 20 ಕೆ (ಕಿಲೋ ಓಮ್) ರೇಂಜಿನಲ್ಲಿ ಓಮ್ ನೋಡಿ. ಜಾಝ್ ಬೇಸ್ ಥರದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆದರೆ 7ರಿಂದ 9 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಬೇರೆ ಥರದ್ದಾದರೆ ಇನ್ನೊಂದಿಷ್ಟು ಹೆಚ್ಚು ಕಡಿಮೆ ಬರಬಹುದು. ಅಂಕಿ ಅಲುಗಾಡದೆ ನಿಂತರೆ ಒಳಗಿರುವುದು ಬರೀ ತಾಮ್ರದ ಸುರುಳಿ.

ಸೌಂಡ್ ಮಂಕಾಗಿದ್ದಕ್ಕೆ ಕಾರಣ ನಾಬ್ ಕೆಳಗಿನ ಪಾಟ್, ಅಂದರೆ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್. ಪ್ರಿಆಂಪ್ ಆದ ಮೇಲೆ ಬರುವ ವಾಲ್ಯೂಮ್ ಪಾಟ್ ಸಾಮಾನ್ಯವಾಗಿ 25 ಕೆ ಇರುತ್ತದೆ. ಪ್ರಿಆಂಪ್‌ಗೆ ಶಕ್ತಿ ಇದೆ, ಅದಕ್ಕೆ ಅಷ್ಟು ಸಾಕು. ಪಿಕಪ್‌ಗೆ ಆ ಶಕ್ತಿ ಇಲ್ಲ. ಅದರ ಸಿಗ್ನಲ್ ಸಣ್ಣ ಒರತೆಯ ನೀರಿನ ಹಾಗೆ. 25 ಕೆ ಪಾಟ್ ಅಂದರೆ ತಳದಲ್ಲಿ ದೊಡ್ಡ ತೂತಿರುವ ಬಿಂದಿಗೆ. ಬಂದದ್ದೆಲ್ಲ ಅರ್ತ್‌ಗೆ ಸೋರಿಹೋಗುತ್ತದೆ, ಅದರಲ್ಲೂ ಮೊದಲು ಹೋಗುವುದು ಟ್ರೆಬಲ್. ಪ್ಯಾಸಿವ್‌ಗೆ ಬೇಕಾದದ್ದು 250 ಕೆ, ಹಂಬಕರ್ (ಜೋಡಿ ಸುರುಳಿಯ) ಪಿಕಪ್ ಆದರೆ 500 ಕೆ. ಪಾಟ್‌ನ ಬೆನ್ನಿನ ಮೇಲೋ ಪಕ್ಕದಲ್ಲೋ ಅಂಕಿ ಅಚ್ಚಾಗಿರುತ್ತದೆ. ಅಂಕಿಯ ಜೊತೆ 'ಎ' ಅಕ್ಷರ ಇರುವುದನ್ನೇ ಕೇಳಿ. 'ಬಿ' ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ವಾಲ್ಯೂಮ್ ಹದವಾಗಿ ಏರುವುದಿಲ್ಲ.

ಬೇಕಾದ ಸಾಮಾನು ಇಷ್ಟೇ: 250 ಕೆ ಪಾಟ್ ಮೂರು, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಸ್ವಲ್ಪ ವೈರ್. ಕೆಪಾಸಿಟರ್ ಮೇಲೆ 473 ಅಂತ ಬರೆದಿರುತ್ತದೆ. ಹಳೇ ರೇಡಿಯೊ, ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸಿಗಬಹುದು. ಅಲ್ಲಿ 250 ಕೆ ಪಾಟ್ ಇಲ್ಲದೆ 220 ಕೆ ಸಿಕ್ಕರೆ ಧೈರ್ಯವಾಗಿ ತನ್ನಿ. ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಕೊಳ್ಳುವ ಮುಂಚೆ ನಿಮ್ಮ ಬೇಸ್‌ನ ತೂತು ಅಳೆದುಕೊಂಡು ಹೋಗಿ. ಸಣ್ಣ ಪಾಟ್‌ಗೆ 7-8 ಮಿ.ಮೀ. ತೂತು ಸಾಕು, ದೊಡ್ಡದಕ್ಕೆ ಸುಮಾರು 9.5 ಮಿ.ಮೀ. ಬೇಕು. ಅವಸರದಲ್ಲಿ ಡ್ರಿಲ್ ಹಾಕಿ ಪಾಲಿಶ್ ಸೀಳಿಬಿಟ್ಟ ಬೇಸ್‌ಗಳು ಹಾಸನದಲ್ಲಿ ನನ್ನ ಮೇಜಿಗೆ ಬಂದಿವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸಣ್ಣ ಪಾಟ್ ತಂದರೆ ಡ್ರಿಲ್ಲಿನ ಮಾತೇ ಇಲ್ಲ.

ವೈರಿಂಗ್ ಮೂರು ನಾಬ್ ಇರುವ ಫೆಂಡರ್ ಜಾಝ್ ಬೇಸ್‌ನದ್ದನ್ನೇ ಅನುಸರಿಸಿ. ಎರಡು ವಾಲ್ಯೂಮ್, ಒಂದು ಟೋನ್. ಇಲ್ಲಿ ತುಂಬಾ ಜನ ತಪ್ಪುವ ಜಾಗ ಒಂದಿದೆ. ಪಿಕಪ್‌ನ ಸಿಗ್ನಲ್ ವೈರನ್ನು ಆಯಾ ವಾಲ್ಯೂಮ್ ಪಾಟ್‌ನ ನಡುವಿನ ಕಾಲಿಗೆ ಬೆಸೆಯಬೇಕು. ಒಂದು ಬದಿಯ ಕಾಲು ಅರ್ತ್‌ಗೆ, ಇನ್ನೊಂದು ಬದಿಯದು ಕೇಬಲ್ ಚುಚ್ಚುವ ಜ್ಯಾಕ್ ಕಡೆಗೆ. ಇದನ್ನು ತಿರುವುಮುರುವು ಮಾಡಿದರೆ ಒಂದು ವಾಲ್ಯೂಮ್ ಪೂರ್ತಿ ಇಳಿಸಿದ ಕೂಡಲೇ ಎರಡೂ ಪಿಕಪ್ ಸುಮ್ಮನಾಗುತ್ತವೆ. ಜ್ಯಾಕ್ ಕಡೆಗೆ ಹೋಗುವ ಅದೇ ವೈರಿನಿಂದ ಟೋನ್ ಪಾಟ್‌ನ ಬದಿಯ ಕಾಲಿಗೆ ಒಂದು ತುಂಡು, ಅದರ ನಡುವಿನ ಕಾಲಿನಿಂದ ಅರ್ತ್‌ಗೆ ಕೆಪಾಸಿಟರ್. ನಾಲ್ಕನೇ ತೂತಿಗೆ ವೈರ್ ಇಲ್ಲದ ಪಾಟ್ ಒಂದನ್ನು ಹಾಗೇ ಕೂರಿಸಿ, ನಾಬ್ ಹಾಕಿಬಿಡಿ.

ಪಾಟ್‌ನ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟ್ ಐರನ್ ತಿಣುಕುತ್ತದೆ. ಕಾಯುವಷ್ಟರಲ್ಲಿ ಪಾಟೇ ಸುಟ್ಟೀತು. 40 ವ್ಯಾಟ್‌ನದ್ದು ಇರಲಿ, ಮೊದಲು ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಬೇಗ ಮುಟ್ಟಿಸಿ ಬೇಗ ತೆಗೆಯಿರಿ. ಸೀಸ ಹರಡಿಕೊಂಡು ಹೊಳೆಯಬೇಕು. ಗೋಲಿಯ ಹಾಗೆ ಉರುಟಾಗಿ ಕೂತರೆ ಅದು ಹಿಡಿದಿಲ್ಲ.

ಈಗ ತಂತಿಗಳು ಕೂರುವ ಲೋಹದ ಬ್ರಿಡ್ಜ್‌ನ ವೈರ್ ಹುಡುಕಿ. ಕೆಲವು ಆ್ಯಕ್ಟಿವ್ ಬೇಸ್‌ಗಳಲ್ಲಿ ಬ್ರಿಡ್ಜ್‌ಗೆ ಅರ್ತ್ ಕೊಟ್ಟೇ ಇರುವುದಿಲ್ಲ, ಇಲ್ಲವೇ ಆ ವೈರನ್ನು ಕತ್ತರಿಸಿ ಒಳಗೆ ಮಡಚಿಟ್ಟಿರುತ್ತಾರೆ. ಪ್ಯಾಸಿವ್ ಆದ ಮೇಲೆ ಅದು ಇಲ್ಲದಿದ್ದರೆ ಗುಂಯ್ ಅನ್ನುವ ಸದ್ದು ಬಿಡುವುದೇ ಇಲ್ಲ, ಅದರಲ್ಲೂ ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ. ಬೀಪ್ ರೇಂಜಿಗಿಟ್ಟ ಮೀಟರ್‌ನ ಒಂದು ಕಡ್ಡಿ ಬ್ರಿಡ್ಜ್ ಮೇಲೆ, ಇನ್ನೊಂದು ಜ್ಯಾಕ್‌ನ ಹೊರಬಳೆಯ ಮೇಲೆ ಇಡಿ. ಬೀಪ್ ಬಂದರೆ ಸರಿ.

ಜ್ಯಾಕ್ ಬದಲಿಸಬೇಕಾಗಿಲ್ಲ. ಅದರಲ್ಲಿ ಮೂರು ಕಾಲಿರುತ್ತವೆ, ಬ್ಯಾಟರಿಯ ಕಪ್ಪು ವೈರ್ ಬಂದು ಸೇರಿದ ಕಾಲನ್ನು ಖಾಲಿ ಬಿಡಿ. ನಿಮ್ಮ ಬ್ಯಾಟರಿ ಬೇಗ ಸಾಯುತ್ತಿದ್ದ ಗುಟ್ಟೂ ಆ ಕಾಲಿನಲ್ಲೇ ಇದೆ. ಕೇಬಲ್ ಚುಚ್ಚಿದಾಗ ಅದು ಅರ್ತ್‌ಗೆ ಸೇರಿ ಪ್ರಿಆಂಪ್ ಆನ್ ಆಗುತ್ತದೆ, ಕಿತ್ತರೆ ಆಫ್. ಪ್ರಿಆಂಪ್ ಒಂದು ಮಿಲಿ ಆಂಪ್ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. ಒಳ್ಳೆಯ ಆಲ್ಕಲೈನ್ ಬ್ಯಾಟರಿ ಸುಮಾರು 500 ಗಂಟೆ ಬರಬೇಕು. ಕೇಬಲ್ ಕೀಳದೆ ಮೂಲೆಗಿಟ್ಟರೆ ಅದೇ 500 ಗಂಟೆ 20-21 ದಿನಕ್ಕೆ ಮುಗಿದುಹೋಗುತ್ತದೆ. ನಿಮ್ಮ ತಿಂಗಳ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ, ಅಲ್ವಾ? ಹಾಗಾಗಿ ಪ್ರಿಆಂಪ್‌ನ ಸೌಂಡ್ ನಿಮಗೆ ಇಷ್ಟವಿದ್ದರೆ ಅದನ್ನೇ ವಾಪಸ್ ಕೂರಿಸಿ, ನುಡಿಸಿ ಮುಗಿದ ಮೇಲೆ ಕೇಬಲ್ ಕೀಳುವ ಅಭ್ಯಾಸ ಮಾಡಿಕೊಂಡು ನೋಡಿ.

ಆದರೂ ನನ್ನನ್ನು ಕೇಳಿದರೆ, ಊರೂರು ತಿರುಗುವ ಆರ್ಕೆಸ್ಟ್ರಾಕ್ಕೆ ಪ್ಯಾಸಿವ್ ಬೇಸೇ ವಾಸಿ. ಕೆಡುವ ವಸ್ತು ಕಡಿಮೆ. ಪ್ಯಾಸಿವ್ ಅಂದರೆ ಕೆಳದರ್ಜೆ ಅನ್ನುವುದು ಸುಳ್ಳು. ಒಳಗೇ ಪ್ರಿಆಂಪ್ ಇಟ್ಟುಕೊಂಡ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಂದದ್ದು 1976ರಲ್ಲಿ. ಅದಕ್ಕೂ ಮುಂಚೆ 1960ರ ದಶಕದಲ್ಲೇ ಜೇಮ್ಸ್ ಜೇಮರ್ಸನ್ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ್ದು ಪ್ಯಾಸಿವ್ ಪ್ರಿಸಿಷನ್ ಬೇಸ್‌ನಲ್ಲಿ. ಇವತ್ತಿಗೂ ಆ ಸೌಂಡನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಮುಚ್ಚಳ ಹಾಕುವ ಮುಂಚೆ ಆಂಪ್ ಸಣ್ಣಗೆ ಆನ್ ಮಾಡಿ, ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್‌ನ ತಲೆ ಮುಟ್ಟಿ. ಎರಡರಲ್ಲೂ ಟಕ್ ಟಕ್ ಕೇಳಬೇಕು. ಬಿಚ್ಚಿದ ಪ್ರಿಆಂಪನ್ನು ಎಸೆಯಬೇಡಿ. ಯಾವ ಬಣ್ಣದ ವೈರ್ ಎಲ್ಲಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುಂದೆ ಬೇಸ್ ಮಾರುವಾಗ ಕೊಳ್ಳುವವರು ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಹಾಸನದ ಚರ್ಚ್ ಒಂದರಲ್ಲಿ ನುಡಿಸುತ್ತೇನೆ. ಪ್ಯಾಸಿವ್ ಬೇಸ್ ಮನೆಯ ಆಂಪ್‌ನಲ್ಲಿ ಚೆನ್ನಾಗಿದೆ. ಚರ್ಚ್‌ನಲ್ಲಿ ಉದ್ದ ಕೇಬಲ್ ಎಳೆದು ಡಿಐ ಬಾಕ್ಸ್‌ಗೆ (ಬೇಸನ್ನು ಮಿಕ್ಸರ್‌ಗೆ ಸೇರಿಸುವ ಪುಟ್ಟ ಪೆಟ್ಟಿಗೆ) ಕೊಟ್ಟರೆ ಮಂಕು. ಯಾಕೆ?

ಉತ್ತರ: ತಪ್ಪು ಎರಡು ಕಡೆ ಇರಬಹುದು. ಕೇಬಲ್‌ಗೂ ಕೆಪಾಸಿಟರ್ ಗುಣ ಇದೆ, ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್. ಉದ್ದ ಹೆಚ್ಚಿದಷ್ಟೂ ಟ್ರೆಬಲ್ ತಿನ್ನುತ್ತದೆ. ಬೇಸ್‌ನಿಂದ ಬಾಕ್ಸ್‌ವರೆಗೆ 5 ಮೀಟರ್ ಮೀರದಿರಲಿ. ಬಾಕ್ಸನ್ನು ಕಾಲ ಬಳಿ ಇಟ್ಟು, ಅಲ್ಲಿಂದ ಮಿಕ್ಸರ್‌ವರೆಗೆ ಮೈಕ್ ಕೇಬಲ್ ಎಷ್ಟು ಬೇಕಾದರೂ ಎಳೆಯಿರಿ. ಇನ್ನೊಂದು, ಡಿಐ ಬಾಕ್ಸ್ ಪ್ಯಾಸಿವ್ ಆಗಿದ್ದರೆ ಅದೂ ಪಿಕಪ್ ಮೇಲೆ ಭಾರ ಹಾಕುತ್ತದೆ. ಪ್ಯಾಸಿವ್ ಬೇಸ್‌ಗೆ ಆ್ಯಕ್ಟಿವ್ ಡಿಐ ಕೊಳ್ಳಿ. ಮಿಕ್ಸರ್‌ನಿಂದಲೇ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಬರುವ ವಿದ್ಯುತ್ತು) ತೆಗೆದುಕೊಳ್ಳುವುದು ಸಿಕ್ಕರೆ ಬ್ಯಾಟರಿಯ ಚಿಂತೆಯೂ ಇರುವುದಿಲ್ಲ.

ಪ್ರಶ್ನೆ: ಸಕಲೇಶಪುರದವಳು. ಮಳೆಗಾಲ ಮುಗಿದ ಮೇಲೆ ಬೇಸ್ ತೆಗೆದರೆ ಬ್ಯಾಟರಿ ಕ್ಲಿಪ್ ಪೂರ್ತಿ ಹಸಿರುಗಟ್ಟಿದೆ. ನಾನೂ ಪ್ಯಾಸಿವ್ ಮಾಡಿಸಬೇಕಾ?

ಉತ್ತರ: ಇಷ್ಟಕ್ಕೇ ಬೇಡ. ಹೊಸ ಕ್ಲಿಪ್‌ಗೆ ಹೆಚ್ಚು ದುಡ್ಡೇನೂ ಬೇಕಾಗಿಲ್ಲ, ಹಳೆಯದನ್ನು ಕತ್ತರಿಸಿ ಅದನ್ನು ಬೆಸೆಯಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಬ್ಯಾಟರಿ ಸೋರಿದ ಪುಡಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಜ್ಯಾಕ್ ಮತ್ತು ಪಾಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಾಬನ್ನು ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿ. ಮುಂದಿನ ವರ್ಷ ಮಳೆ ಹಿಡಿಯುವ ಮುಂಚೆ, ನುಡಿಸುವುದಿಲ್ಲ ಅಂತಾದರೆ, ಬ್ಯಾಟರಿ ತೆಗೆದು ಬೇರೆ ಇಡಿ.