ಹೊರಗಿನ ದುಡ್ಡು ಬಂದ್ರೆ ನಮ್ಮ ಕೆಲಸ ಉಳಿಯುತ್ತಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ಚಳ್ಳಕೆರೆ ಕಡೆ ಒಂದು ಹಟ್ಟಿಯಲ್ಲಿ ನಾವು ಐದು ಜನ ಸೇರಿ ಮಕ್ಕಳಿಗೆ ಸಂಜೆ ಪಾಠ ಮಾಡ್ತೀವಿ, ನಾಲ್ಕು ವರ್ಷ ಆಯ್ತು, ಖರ್ಚೆಲ್ಲಾ ಕೈಯಿಂದ್ಲೇ. ಈಗ ಒಂದು ಕಂಪನಿಯವ್ರು ಟ್ರಸ್ಟ್ ಮಾಡ್ಕೊಳ್ಳಿ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡು ಕೊಡ್ತೀವಿ, ಪಾಠದ ಬದ್ಲು ಟ್ಯಾಬ್ಲೆಟ್ ಪ್ರೋಗ್ರಾಂ ನಡೆಸಿ ಅಂತಿದಾರೆ. ನಮ್ಮಲ್ಲೇ ಎರಡು ಮಾತು ಐತೆ. ಬಡ ದೇಶಗಳಲ್ಲೆಲ್ಲಾ ಹಿಂಗೇನಾ? ತಗೋಬೇಕಾ ಬ್ಯಾಡ್ವಾ?
— ಓದುಗ, ಚಳ್ಳಕೆರೆ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮ ಪತ್ರ ಎರಡು ಸಲ ಓದ್ದೆ. ಚಿತ್ರದುರ್ಗದ ಹತ್ರ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಲೆಕ್ಕ ಬರೀತಿದ್ದೆ, ಅಲ್ಲಿ ಹೆಣ್ಮಕ್ಕಳು ರಾತ್ರಿ ಊಟ ಮುಗಿಸಿ ಗುಡಿ ಕಟ್ಟೆ ಮೇಲೆ ಕೂತು ಓದು ಬರಹ ಕಲಿಯೋರು, ಕಲಿಸೋರಿಗೆ ಸಂಬಳ ಇರ್ಲಿಲ್ಲ, ಒಬ್ರು ಸೀಮೆಸುಣ್ಣ ತಂದ್ರೆ ಇನ್ನೊಬ್ರು ಬಲ್ಬು ತರೋರು. ಆಮೇಲೆ ಮೂರು ವರ್ಷದ ದೊಡ್ಡ ಗ್ರಾಂಟ್ ಬಂತು. ಕಲಿಸೋರಿಗೆ ಸಂಬಳ ಆಯ್ತು. ಫೋಟೋ ಚೆನ್ನಾಗಿ ಬರ್ಲಿ ಅಂತ ಪಾಠ ಬೆಳಗ್ಗೆ ಹನ್ನೊಂದಕ್ಕೆ ಹೋಯ್ತು, ಆ ಹೊತ್ತಿಗೆ ಹೆಣ್ಮಕ್ಕಳೆಲ್ಲಾ ಶೇಂಗಾ ಹೊಲದಲ್ಲಿ. ಫಾರ್ಮ್‌ನಲ್ಲಿ ಎಷ್ಟು ಜನಕ್ಕೆ ಟ್ರೈನಿಂಗ್ ಅನ್ನೋ ಕಾಲಂ ಇತ್ತು, ಒಬ್ಬ ಅಜ್ಜಿ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋದು ಬಿಟ್ಟು ಸಹಿ ಹಾಕಿದ್ಲು ಅಂತ ಬರೆಯೋಕೆ ಜಾಗ ಇರ್ಲಿಲ್ಲ. ಗ್ರಾಂಟ್ ಮುಗಿದ್ಮೇಲೆ ಸಂಬಳ ತಗೊಂಡೋರು ಮತ್ತೆ ಪುಕ್ಕಟೆ ಬರ್ಲಿಲ್ಲ, ಅದು ಅವ್ರ ತಪ್ಪಲ್ಲ, ಮನೆ ನಡೀಬೇಕಲ್ಲ. ಆದ್ರೆ ಕಟ್ಟೆ ಖಾಲಿ ಆಯ್ತು, ಈಗ್ಲೂ ಆ ದಾರಿಯಲ್ಲಿ ಹೋದ್ರೆ ಹೊಟ್ಟೆ ಉರಿಯುತ್ತೆ.

ಬೇರೆ ದೇಶದಲ್ಲೂ ಇದೇ ಕಥೆ. ದುಡ್ಡಿನ ಬಾಗಿಲಲ್ಲಿ ಇಂಗ್ಲಿಷ್ ಪ್ರೊಪೋಸಲ್, ಆಡಿಟ್ ರಿಪೋರ್ಟ್, ದೊಡ್ಡೋರ ಪರಿಚಯ ಕೇಳ್ತಾರೆ, ಅದಕ್ಕೇ ನೈರೋಬಿಯಲ್ಲಿ ಆಫೀಸ್ ಇರೋರಿಗೆ ಸಿಕ್ಕಷ್ಟು ಸುಲಭವಾಗಿ ಕೀನ್ಯಾದ ಹಳ್ಳಿ ಗುಂಪಿಗೆ ಸಿಗಲ್ಲ, ಬೆಂಗಳೂರಿಗೆ ಸಿಕ್ಕಂಗೆ ಮೊಳಕಾಲ್ಮೂರಿಗೆ ಸಿಗಲ್ಲ. ನಮ್ಮಲ್ಲಿ ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ್ಮೇಲೆ ವಿದೇಶಿ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನ ಸಣ್ಣ ಸಂಸ್ಥೆಗೆ ದಾಟಿಸೋ ಹಂಗೇ ಇಲ್ಲ. ಇನ್ನು 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ನೆರವು ತಡೆದಾಗ ಆಫ್ರಿಕಾದ ಎಷ್ಟೋ ಎಚ್‌ಐವಿ ಕ್ಲಿನಿಕ್‌ಗಳು ಕೆಲಸದೋರನ್ನ ಮನೆಗೆ ಕಳಿಸ್ಬೇಕಾಯ್ತು. ಗಟ್ಟಿಯಾಗಿ ನಿಂತೋರೂ ಇದಾರೆ, ಬಾಂಗ್ಲಾದೇಶದ ಬ್ರಾಕ್ ಅನ್ನೋ ಸೇವಾ ಸಂಸ್ಥೆ 1972ರಲ್ಲಿ ಶುರುವಾಗಿ ಹೊರಗಿನ ನೆರವೂ ತಗೊಂಡ್ತು, ಜೊತೆಗೆ 1978ರಲ್ಲಿ ಆರೋಂಗ್ ಅನ್ನೋ ಕರಕುಶಲ ಅಂಗಡಿ ತೆರೆದು ಸ್ವಂತ ದುಡಿಮೆ ಮಾಡ್ಕೊಂಡ್ತು.

ಈಗ ನಿಮ್ಮ ವಿಷಯ. ಸಿಎಸ್‌ಆರ್ ಅಂದ್ರೆ 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡ್ಬೇಕು, ಸುತ್ತಮುತ್ತಲ ಊರಿಗೆ ಆದ್ಯತೆ ಅಂತ ಕಾಯ್ದೆಯಲ್ಲೇ ಇದೆ, ಹಂಗಾಗಿ ಕೈ ಚಾಚ್ತಿದೀವಿ ಅಂತ ಸಂಕೋಚ ಬೇಡ. ಆದ್ರೆ ಇಂದು ಟ್ರಸ್ಟ್ ಮಾಡಿದ್ರೆ ನಾಳೆ ದುಡ್ಡು ಬರಲ್ಲ, ಕಂಪನಿಗೆ ಸೇರದ ಹೊರಗಿನ ಟ್ರಸ್ಟ್‌ಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಅಂತಾರೆ), ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ, ಕಂಪನಿ ವ್ಯವಹಾರ ಸಚಿವಾಲಯಕ್ಕೆ ಸಲ್ಲಿಸೋ ಸಿಎಸ್‌ಆರ್-1 ಫಾರ್ಮ್ ಎಲ್ಲಾ ಬೇಕು. ದುಡ್ಡು ಯಾರ ಖಾತೆ ಮೂಲಕ ಬರುತ್ತೆ ಅಂತ ಅವ್ರನ್ನ ಮೊದ್ಲು ಕೇಳಿ. ನನ್ನ ಕೇಳಿದ್ರೆ, ಸೋಲಾರ್ ದೀಪ, ಪುಸ್ತಕ, ಬೆಂಚು, ಒಂದು ಶೆಡ್, ಇಂಥ ಒಂದ್ಸಲದ ಖರ್ಚಿಗೆ ಧಾರಾಳವಾಗಿ ತಗೊಳ್ಳಿ, ಸಂಜೆ ಪಾಠ ಮಾತ್ರ ನಿಮ್ಮ ಕೈಲೇ ಇರ್ಲಿ. ಪಾಠ ನಿಲ್ಲಿಸಿದ್ರೇನೇ ದುಡ್ಡು ಅಂದ್ರೆ ಬೇಡ ಅನ್ನಿ.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಹೊಲಿಗೆ ಕೆಲಸ ಮಾಡ್ತೀನಿ. ತಿಂಗಳಿಗೆ 200 ರೂಪಾಯಿ ಒಂದು ಸಂಸ್ಥೆಗೆ ಕೊಡ್ತೀನಿ. ಕೋಟಿಗಟ್ಲೆ ಕೊಡೋರ ಮುಂದೆ ಇದು ಲೆಕ್ಕಕ್ಕೆ ಬರುತ್ತಾ?
— ಓದುಗರು, ದಾವಣಗೆರೆ

ಉತ್ತರ: ಬರುತ್ತೆ ತಾಯಿ. ನಾನು ಲೆಕ್ಕ ಬರೆಯೋವಾಗ ಗ್ರಾಂಟ್ ದುಡ್ಡಿಗೆಲ್ಲಾ ಇದಕ್ಕೇ ಖರ್ಚು ಮಾಡಿ ಅನ್ನೋ ಷರತ್ತು ಇರೋದು, ಕರೆಂಟ್ ಬಿಲ್ ಕಟ್ಟೋಕೆ, ಜ್ವರ ಬಂದ ಮಗೂನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಆಗ್ತಿದ್ದದ್ದು ನಿಮ್ಮಂಥೋರ ನೂರು ಇನ್ನೂರೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಮಾಡಿದಷ್ಟು ನೀಡು ಭಿಕ್ಷೆ ಅಂದಿದಾರೆ, ದುಡಿದಷ್ಟಕ್ಕೇ ಫಲ ಅಂತ, ನೀವು ಕೊಡ್ತಿರೋದೂ ದುಡಿದ ದುಡ್ಡೇ. ಕೊಟ್ಟಾಗ ರಸೀದಿ ತಗೊಳ್ಳಿ, ವರ್ಷಕ್ಕೊಂದ್ಸಲ ಅಲ್ಲಿಗೆ ಹೋಗಿ ಮಕ್ಕಳ ಜೊತೆ ಅರ್ಧ ಗಂಟೆ ಕೂತ್ಕೊಂಡು ಬನ್ನಿ.