ಸಂಗೀತ ಪ್ರಶ್ನೋತ್ತರ: ಬ್ಯಾಂಡ್ ಕಟ್ಟುವವರ ಪತ್ರಗಳು

ಪ್ರಶ್ನೆ: ಮಾನ್ಯರೇ, ನಾವು ನಾಲ್ವರು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರು. ಕಾಲೇಜು ಸಮಾರಂಭಗಳಲ್ಲೂ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲೂ ಸಿನಿಮಾ ಹಾಡು ನುಡಿಸಿ ಅಭ್ಯಾಸವಿದೆ. ಈಗ ನಮ್ಮದೇ ಹಾಡುಗಳ ಇಂಡೀ ರಾಕ್ ಬ್ಯಾಂಡ್ ಕಟ್ಟಬೇಕೆಂದಿದ್ದೇವೆ. ಇಲ್ಲಿ ಅದಕ್ಕೆ ವೇದಿಕೆಯೂ ಇಲ್ಲ, ಕೈಹಿಡಿಯುವ ಕಂಪನಿಯೂ ಇಲ್ಲ, ಬೆಂಗಳೂರು ಸೇರದೆ ಗತಿಯಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನಿಜವೇ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಕೈಹಿಡಿಯುವ ಕಂಪನಿ ಇಲ್ಲದಿದ್ದುದರಿಂದಲೇ ಇಂಡೀ ಎಂಬ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ದಾರಿ ಹುಟ್ಟಿಕೊಂಡಿತು, ಆದ್ದರಿಂದ ಅದನ್ನು ನಿಮ್ಮ ಕೊರತೆಗಳ ಲೆಕ್ಕದಿಂದ ತೆಗೆದುಬಿಡಿ. ಈ ದಾರಿಯಲ್ಲಿ ಮೊದಲಿಗೆ ನಡೆದವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಜ್‌ಕಾಕ್ಸ್ ಬ್ಯಾಂಡಿನವರು ಮುಖ್ಯರು. ಹತ್ತಿ ಗಿರಣಿಗಳ ಕಾಲದಲ್ಲಿ ನಿಮ್ಮ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿದ್ದುದು ನನ್ನ ಆಯ್ಕೆಗೆ ಕಾರಣವಲ್ಲ ಎಂದರೆ ಪೂರ್ತಿ ನಿಜವಾಗದು, ಆದರೆ ಅವರ ಮೊದಲ ವರ್ಷದ ಕಥೆಯನ್ನು ವಿವರವಾಗಿ ಹೇಳುವುದಕ್ಕೆ ಬೇರೆ ಕಾರಣವೂ ಇದೆ.

ಹೊವರ್ಡ್ ಡೆವೊಟೊ ಮತ್ತು ಪೀಟ್ ಶೆಲ್ಲಿ ಮ್ಯಾಂಚೆಸ್ಟರ್ ಸಮೀಪದ ಬೋಲ್ಟನ್‌ನ ತಾಂತ್ರಿಕ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದರು. ಜೊತೆಗೆ ನುಡಿಸುವವರು ಬೇಕೆಂದು ಡೆವೊಟೊ ಕಾಲೇಜಿನ ಸೂಚನಾ ಫಲಕಕ್ಕೆ ಚೀಟಿ ಅಂಟಿಸಿದ್ದರಿಂದ ಇಬ್ಬರೂ ಒಂದಾದರು. 1976ರ ಆರಂಭದಲ್ಲಿ ಲಂಡನ್ನಿನ ಕಡೆಗೆ ಹೋಗಿ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ಬ್ಯಾಂಡನ್ನು ಕೇಳಿ ಬಂದ ಅವರು, ಅದನ್ನು ತಮ್ಮೂರಿಗೆ ಯಾರಾದರೂ ಕರೆಸಲಿ ಎಂದು ಕಾಯದೆ, ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು ಜೂನ್ 4ರಂದು ತಾವೇ ಕಾರ್ಯಕ್ರಮ ಏರ್ಪಡಿಸಿದರು. ಅಂದು ತಾವೂ ನುಡಿಸಬೇಕೆಂಬ ಆಸೆಯಿತ್ತಾದರೂ ಬ್ಯಾಂಡ್ ಇನ್ನೂ ಸಿದ್ಧವಾಗಿರಲಿಲ್ಲ. ಜುಲೈ 20ರಂದು ಅಲ್ಲಿಯೇ ಮತ್ತೊಂದು ಕಾರ್ಯಕ್ರಮ ಮಾಡಿದಾಗ ತಾವೂ ವೇದಿಕೆ ಹತ್ತಿದರು. ಡಿಸೆಂಬರ್ 28ರಂದು ಸ್ಟುಡಿಯೋವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡು ಮುದ್ರಿಸಿಕೊಂಡು, ಮನೆಯವರಿಂದಲೂ ಸ್ನೇಹಿತರಿಂದಲೂ ಪಡೆದ 500 ಪೌಂಡ್ ಸಾಲದಲ್ಲಿ 1,000 ಪ್ರತಿ ಒತ್ತಿಸಿ, 1977ರ ಜನವರಿಯಲ್ಲಿ ತಮ್ಮದೇ ಲೇಬಲ್ಲಿನಿಂದ (ಮುದ್ರಿಕೆ ಹೊರತರುವ ಸಂಸ್ಥೆಯಿಂದ) ಹೊರತಂದರು. ಅದರ ಹೊದಿಕೆಯ ಮೇಲೆ ಪ್ರತಿ ಹಾಡಿನ ಪಕ್ಕದಲ್ಲೂ ಅದು ಎಷ್ಟನೆಯ ಟೇಕ್ (ಎಷ್ಟನೆಯ ಸಲ ನುಡಿಸಿದಾಗ ಮುದ್ರಿಸಿದ್ದು), ಆಮೇಲೆ ಅದಕ್ಕೆ ಏನಾದರೂ ಸೇರಿಸಿದ್ದಾರೆಯೇ ಇಲ್ಲವೇ ಎಂಬುದನ್ನು ಅಚ್ಚುಹಾಕಿಸಿದ್ದರು. ಹಾಡು ಮಾಡುವುದರಲ್ಲಿ ಮುಚ್ಚಿಡುವ ಗುಟ್ಟೇನಿಲ್ಲ ಎಂದು ಕೊಂಡವರಿಗೆ ತೋರಿಸಿಕೊಟ್ಟ ಹಾಗೆ. ಕೊನೆಗೆ ಸುಮಾರು 16,000 ಪ್ರತಿಗಳು ಖರ್ಚಾದವು. ದೊಡ್ಡ ಕಂಪನಿ ಒಪ್ಪಂದಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ, ಅದೇ ವರ್ಷದ ಆಗಸ್ಟಿನಲ್ಲಿ.

ವೇದಿಕೆಯನ್ನು ತಾವೇ ಹೂಡುವುದು ದಾವಣಗೆರೆಗೆ ಹೊಸದಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರಿನಲ್ಲಿ ಕ್ಯಾಂಪ್ ಹಾಕಿ, ಟಿಕೆಟ್ ಮಾರಿ, ಜನರನ್ನು ಸೇರಿಸಿಯೇ ಹೆಸರು ಮಾಡಿತು. ನೀವು ನೂರು ಕುರ್ಚಿ ಹಿಡಿಸುವ ಒಂದು ಸಭಾಂಗಣ ನೋಡಿ, ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಇನ್ನೊಂದು ಬ್ಯಾಂಡನ್ನು ಜೊತೆಗೆ ಕರೆಯಿರಿ. ಖರ್ಚೂ ಹಂಚಿಹೋಗುತ್ತದೆ, ಮುಂದೆ ಅವರ ಊರಿಗೆ ನಿಮಗೂ ಕರೆ ಬರುತ್ತದೆ. ಅದಕ್ಕೆ ಮುಂಚೆ ಅರ್ಧ ಗಂಟೆಗೆ ಸಾಲುವಷ್ಟು ಸ್ವಂತ ಹಾಡು ಕೈಯಲ್ಲಿರಬೇಕು. ಮೈಕ್‌ಸೆಟ್‌ನವರಿಗೆ ಒಂದು ಮಾತನ್ನು ಮೊದಲೇ ಹೇಳಿಡಿ. ಆರ್ಕೆಸ್ಟ್ರಾದಲ್ಲಿ ಗಾಯಕನ ದನಿಗೆ ಎಷ್ಟು ಎಕೋ ಕೊಟ್ಟರೂ ನಡೆದುಹೋಗುತ್ತದೆ, ಏಕೆಂದರೆ ಜನಕ್ಕೆ ಸಾಹಿತ್ಯ ಮೊದಲೇ ಬಾಯಿಪಾಠ. ಹೊಸ ಹಾಡಿನಲ್ಲಿ ಪದ ಕೇಳಿಸದಿದ್ದರೆ ಕೇಳುಗ ಎರಡನೆಯ ಸಾಲಿಗೇ ಮೊಬೈಲ್ ತೆಗೆಯುತ್ತಾನೆ. ಆರ್ಕೆಸ್ಟ್ರಾ ಬಿಡಿ ಎಂದು ನಾನು ಹೇಳುವುದಿಲ್ಲ. ಗಿಟಾರಿನ ತಂತಿಗೂ ಡ್ರಮ್ಮಿನ ಹೊದಿಕೆಗೂ ದುಡ್ಡು ಅಲ್ಲಿಂದಲೇ ಬರಬೇಕು. ಆದರೆ ಆ ಬೋರ್ಡಿನ ಹೆಸರು ಬೇರೆ ಇರಲಿ, ಬ್ಯಾಂಡಿನ ಹೆಸರು ಬೇರೆ ಇರಲಿ.

ಇನ್ನು ಬೆಂಗಳೂರಿನ ಮಾತು. ಅಮೆರಿಕದ ಆರ್.ಇ.ಎಂ. ಬ್ಯಾಂಡ್ ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ, ವಿಶ್ವವಿದ್ಯಾಲಯವೇ ಜೀವಾಳವಾದ ಸಣ್ಣ ಊರಿನಲ್ಲಿ. 1980ರ ಏಪ್ರಿಲ್ 5ರಂದು, ಹಳೆಯ ಚರ್ಚೊಂದರಲ್ಲಿ ನಡೆದ ಹುಟ್ಟುಹಬ್ಬದ ಕೂಟದಲ್ಲಿ ಮೊದಲು ನುಡಿಸಿದಾಗ ಅವರಿಗೆ ಒಂದು ಹೆಸರೂ ಇರಲಿಲ್ಲ. ಆಮೇಲೆ ಹಳೆಯ ವ್ಯಾನಿನಲ್ಲಿ ಅಕ್ಕಪಕ್ಕದ ಊರುಗಳನ್ನೆಲ್ಲ ಸುತ್ತಿದರು, ಜಗತ್ತೇ ಕೇಳತೊಡಗಿದ ಮೇಲೂ ಅಥೆನ್ಸನ್ನೇ ನೆಲೆಯಾಗಿಟ್ಟುಕೊಂಡರು. ನೀವೂ ಬೆಂಗಳೂರಿಗೆ ಹೋಗಿ ನುಡಿಸಿ ಬನ್ನಿ. ಅಲ್ಲಿ ಮನೆ ಮಾಡಿ ಬಾಡಿಗೆ ಕಟ್ಟುವುದಕ್ಕಾಗಿಯೇ ದುಡಿಯುವಂತಾದರೆ ಅಭ್ಯಾಸಕ್ಕೆ ಹೊತ್ತು ಉಳಿಯುವುದಿಲ್ಲ. ತಾಳ್ಮೆಗೆ ನಮ್ಮ ದೇಶದ್ದೇ ನಿದರ್ಶನವಿದೆ: 1990ರಲ್ಲಿ ದೆಹಲಿಯಲ್ಲಿ ಶುರುವಾದ ಇಂಡಿಯನ್ ಓಷನ್ ತನ್ನ ಮೊದಲ ಆಲ್ಬಂ ಕಂಡದ್ದು 1993ರಲ್ಲಿ, ದೇಶದಾದ್ಯಂತ ಮನೆಮಾತಾಗುವ ಹೊತ್ತಿಗೆ 2000 ಬಂದಿತ್ತು.

ಪ್ರಶ್ನೆ: ನಮ್ಮ ಗಾಯಕನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಉಳಿದ ಮೂವರಲ್ಲಿ ಯಾರಿಗೂ ಅವನಂಥ ಕಂಠವಿಲ್ಲ. ಬ್ಯಾಂಡ್ ನಿಲ್ಲಿಸಬೇಕೇ?
(ಹರಿಹರ)

ಉತ್ತರ: ಬೇಡ. ಮೇಲೆ ಹೇಳಿದ ಡೆವೊಟೊ ಮೊದಲ ಮುದ್ರಿಕೆ ಬಂದ ಕೆಲವೇ ವಾರಗಳಲ್ಲಿ ಬ್ಯಾಂಡ್ ಬಿಟ್ಟರು. ಗಿಟಾರ್ ನುಡಿಸುತ್ತಿದ್ದ ಶೆಲ್ಲಿ ಹಾಡತೊಡಗಿದರು, ಬ್ಯಾಂಡ್ ಹೆಸರು ಮಾಡಿದ್ದು ಅವರ ದನಿಯಲ್ಲಿಯೇ. ಶೆಫೀಲ್ಡ್ ನಗರದ ಆರ್ಕ್‌ಟಿಕ್ ಮಂಕೀಸ್ ಹುಡುಗರಲ್ಲೂ ಮೊದಲು ಹಾಡುತ್ತಿದ್ದವನು ಬೇರೊಬ್ಬ. ಅವನು ಹೋದ ಮೇಲೆ ಅಲೆಕ್ಸ್ ಟರ್ನರ್ ಮೈಕಿನ ಮುಂದೆ ನಿಲ್ಲಬೇಕಾಯಿತು. ಕಾರ್ಯಕ್ರಮಗಳಲ್ಲಿ ಅವರು ಪುಕ್ಕಟೆಯಾಗಿ ಹಂಚಿದ ಸಿ.ಡಿ.ಗಳನ್ನು ಕೇಳುಗರು ಪ್ರತಿ ಮಾಡಿ ಹಂಚಿಕೊಂಡರು. 2006ರ ಜನವರಿಯಲ್ಲಿ ಬಂದ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ಒಂದೇ ವಾರದಲ್ಲಿ 3,60,000ಕ್ಕೂ ಹೆಚ್ಚು ಮಾರಾಟವಾಯಿತು. ನಿಮ್ಮಲ್ಲಿ ಸಾಹಿತ್ಯ ಬರೆಯುವವರು ಯಾರೋ ಅವರೇ ಹಾಡಿನೋಡಲಿ. ಶ್ರುತಿ ಎತ್ತರವಾಯಿತೆಂದರೆ ಇಳಿಸಿಕೊಳ್ಳಿ, ಹಾಡು ನಿಮ್ಮದೇ ತಾನೇ.

ಪ್ರಶ್ನೆ: ಮಗ ಮತ್ತು ಅವನ ಸ್ನೇಹಿತರು ಮಹಡಿಯ ಕೋಣೆಯಲ್ಲಿ ಡ್ರಮ್ ಬಾರಿಸುತ್ತಾರೆ. ಗೋಡೆಗೆಲ್ಲ ಚಳ್ಳಕೆರೆಯ ಕಂಬಳಿ ಕಟ್ಟಿಸಿಕೊಟ್ಟೆ. ಆದರೂ ಪಕ್ಕದ ಮನೆಯವರ ದೂರು ನಿಂತಿಲ್ಲ. ಏನು ಮಾಡಲಿ?
(ಒಬ್ಬ ತಾಯಿ, ಚಿತ್ರದುರ್ಗ)

ಉತ್ತರ: ಕಂಬಳಿ ವ್ಯರ್ಥವಾಗಿಲ್ಲ, ಅದರ ಕೆಲಸ ಬೇರೆ. ಕೋಣೆಯೊಳಗಿನ ಮಾರ್ದನಿಯನ್ನು, ಅದರಲ್ಲೂ ತಾಳದ ಬಿಲ್ಲೆಗಳ ಚುರುಕು ಸದ್ದನ್ನು ಅದು ಹೀರುತ್ತದೆ. ಹುಡುಗರಿಗೆ ಪರಸ್ಪರ ನುಡಿಸುವುದು ಸ್ಪಷ್ಟವಾಗಿ ಕೇಳುವುದು ಅದರಿಂದಲೇ. ಹೊರಗೆ ಹೋಗುವುದು ಮುಖ್ಯವಾಗಿ ಬಾಸ್ ಡ್ರಮ್ ಮತ್ತು ಬಾಸ್ ಗಿಟಾರಿನ ತಗ್ಗುದನಿ. ಅದಕ್ಕೆ ಕಂಬಳಿ ಲೆಕ್ಕಕ್ಕಿಲ್ಲ. ಭಾರವಾದ ಗೋಡೆ ಬೇಕು, ಗಾಳಿಯಾಡುವ ಸಂದು ಇರಬಾರದು. ಮಹಡಿಯಲ್ಲಿ ಬಾರಿಸಿದಾಗ ಅದುರು ನೆಲದಿಂದ ಗೋಡೆಗಿಳಿದು ಹಬ್ಬುವುದರಿಂದ, ಸಾಧ್ಯವಾದರೆ ನೆಲಮಹಡಿಯ ಕೋಣೆಯನ್ನೇ ಬಿಟ್ಟುಕೊಡಿ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ, ಡ್ರಮ್ಮಿನ ಅಡಿಗೆ ದಪ್ಪ ರಬ್ಬರ್ ಚಾಪೆ, ಬಾಸ್ ಡ್ರಮ್ಮಿನ ಒಳಗೊಂದು ಹಳೆಯ ದಿಂಬು, ಇಷ್ಟಾದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಗಿಟಾರಿನ ಆ್ಯಂಪನ್ನು ನೆಲದ ಮೇಲಿಡದೆ ಸ್ಟೂಲಿನ ಮೇಲೆ, ನುಡಿಸುವವನ ಕಿವಿಯ ಮಟ್ಟಕ್ಕೆ ಇಟ್ಟರೆ ಅವನೇ ವಾಲ್ಯೂಮ್ ಇಳಿಸುತ್ತಾನೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ನಿಯಮಗಳು ಹೇಳುತ್ತವೆ; ರಾತ್ರಿಯೆಂದರೆ ಹತ್ತರಿಂದ ಬೆಳಗ್ಗೆ ಆರರವರೆಗೆ. ಡ್ರಮ್ಮಿನ ಮುಂದೆ ಈ ಅಂಕಿಗಳು ಬಹಳ ಸಣ್ಣವು. ಆದ್ದರಿಂದ ಹುಡುಗರೇ ಹೋಗಿ ಪಕ್ಕದ ಮನೆಯವರನ್ನು ಕೇಳಿ, ಅವರಿಗೆ ಒಗ್ಗುವ ಹೊತ್ತನ್ನು ಗೊತ್ತುಮಾಡಿಕೊಂಡು ಬರಲಿ, ನೀವು ಹೋಗಬೇಡಿ.

ಪ್ರಶ್ನೆ: ಶಿಶುನಾಳ ಶರೀಫರ ತತ್ವಪದಗಳನ್ನೂ ಬೇಂದ್ರೆಯವರ ಕವಿತೆಗಳನ್ನೂ ರಾಕ್ ಶೈಲಿಯಲ್ಲಿ ಹಾಡಿ ಬಿಡುಗಡೆ ಮಾಡಬಹುದೇ? ನಮ್ಮ ಸ್ವಂತ ಹಾಡಿನ ಹಕ್ಕು ಯಾರದು?
(ಹೊಳಲ್ಕೆರೆ)

ಉತ್ತರ: ನಮ್ಮ ಕಾಯ್ದೆಯಂತೆ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಆದ್ದರಿಂದ ಅವರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಅವುಗಳನ್ನು ಹಾಡಿದ್ದು ನಿಮಗೆ ಗೊತ್ತೇ ಇದೆ. ಆದರೆ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವ ಶರೀಫರ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಅವರ ರಾಗಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ. ಪದ ಎಲ್ಲರದಾದರೂ ಆ ಧಾಟಿಗೆ 2069ರ ಕೊನೆಯವರೆಗೆ ಹಕ್ಕುದಾರರಿದ್ದಾರೆ. ಅದಕ್ಕೇ ಪುಸ್ತಕ ನೋಡಿ ಪದ ತೆಗೆದುಕೊಳ್ಳಿ, ಧಾಟಿ ನೀವೇ ಕಟ್ಟಿ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಹಾಗಾಗಿ 2041 ಮುಗಿಯುವವರೆಗೆ ಅನುಮತಿ ಪಡೆಯಲೇಬೇಕು. ಕಾಡುಗೊಲ್ಲರ ಸಿರಿಯಜ್ಜಿಯಂತಹವರು ನೆನಪಿನಿಂದಲೇ ಹಾಡಿದ ಪದಗಳು ನಿಮ್ಮ ಸೀಮೆಯ ಆಸ್ತಿ. ಅವನ್ನು ಬಳಸುವುದಾದರೆ ಯಾರ ಬಾಯಿಂದ ಬಂದದ್ದು ಎಂಬುದನ್ನು ಹೆಸರಿಸದೆ ‘ಜನಪದ’ ಎಂದಷ್ಟೇ ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ.

ಸ್ವಂತ ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂದು ಮೂರು ಹಕ್ಕುಗಳಿವೆ. ಮುದ್ರಣದ ಹಕ್ಕು ಸಾಮಾನ್ಯವಾಗಿ ಅದಕ್ಕೆ ಹಣ ಹಾಕಿ ಮಾಡಿಸಿದವರಿಗೆ ಸೇರುತ್ತದೆ. ಆದರೆ 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರೂ ರಾಗ ಹಾಕಿದವರೂ ರಾಯಧನದಲ್ಲಿನ ತಮ್ಮ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗುವುದಿಲ್ಲ. ಆ ಹಣ ಬರುವುದು, ರಾಯಧನ ಸಂಗ್ರಹಿಸಿ ಹಂಚುವ ಐ.ಪಿ.ಆರ್.ಎಸ್. ಸಂಸ್ಥೆಯ ಮೂಲಕವಾದ್ದರಿಂದ ಬರೆದವರೂ ರಾಗ ಹಾಕಿದವರೂ ಅದರ ಸದಸ್ಯರಾಗಬೇಕು. ನಿಮ್ಮೊಳಗಿನ ಹಂಚಿಕೆ ನಿಮಗೇ ಬಿಟ್ಟದ್ದು: ಆರ್.ಇ.ಎಂ.ನ ನಾಲ್ವರು ಯಾರು ಬರೆದರೂ ನಾಲ್ವರ ಹೆಸರನ್ನೂ ಹಾಕಿ ಸಮನಾಗಿ ಹಂಚಿಕೊಂಡರು. ಸಮವೋ ಅಸಮವೋ, ಒಂದು ಹಾಳೆಯಲ್ಲಿ ಹಾಡುವಾರು ಬರೆದು ಎಲ್ಲರೂ ಸಹಿ ಹಾಕಿ, ಹಾಡು ಬಿಡುಗಡೆಯಾಗುವ ಮೊದಲೇ.